ಅಪ್ಪ-ಅಮ್ಮನನ್ನು ಈಮ್ ಹಳ್ಳಿಗೆ ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ಕೇಳಿದವರು:
ಆಗಸ್ಟ್‌ನಲ್ಲಿ ಅಪ್ಪ-ಅಮ್ಮ ಹಾಸನದಿಂದ ಶೆಫೀಲ್ಡ್‌ಗೆ ಬರುತ್ತಿದ್ದಾರೆ. ಅಪ್ಪ ರಿಟೈರ್ಡ್ ಇತಿಹಾಸದ ಮೇಷ್ಟ್ರು, ಊರಲ್ಲಿ ಬೇಲಿ ಪಕ್ಕ ಬಿದ್ದಿರುವ ವೀರಗಲ್ಲು ಕಂಡರೂ ಸ್ಕೂಟರ್ ನಿಲ್ಲಿಸುವವರು. ಹೋದ ಸಲ ಕೋಟೆ, ಅರಮನೆ ಅಂತ ಸುತ್ತಿಸಿದರೆ "ರಾಜರದ್ದೇ ಆಯ್ತಲ್ಲೋ, ಜನ ಎಲ್ಲಿದ್ದರು?" ಅಂದರು. ಅಮ್ಮನಿಗೆ ಮಂಡಿ ನೋವು. 1665-66ರಲ್ಲಿ ಪ್ಲೇಗ್ ಬಂದಾಗ ಜನ ಊರು ಬಿಡದೆ ಒಳಗೇ ಉಳಿದರು ಅನ್ನುವ, ಇಂಗ್ಲೆಂಡಿನ ಡರ್ಬಿಶೈರ್‌ನ ಪ್ಲೇಗ್ ಹಳ್ಳಿ ಈಮ್‌ಗೆ ಒಂದು ದಿನ ಸಾಕಾ? ಏನು ನೋಡಬೇಕು, ಏನು ಬಿಡಬಹುದು?

ಶೆಫೀಲ್ಡ್‌ನಿಂದ ಒಬ್ಬರು:
ಒಂದು ದಿನ ಧಾರಾಳ ಸಾಕು. ನೀವು ಹೆಸರನ್ನು ಸರಿಯಾಗಿ ಬರೆದಿದ್ದೀರಿ, ನಾನು ಮೊದಲ ಸಲ ಬಸ್ಸಿನಲ್ಲಿ "ಇಯಾಮ್" ಅಂತ ಟಿಕೆಟ್ ಕೇಳಿ ಡ್ರೈವರ್ ಮುಖ ನೋಡುತ್ತಾ ನಿಂತಿದ್ದೆ. ಬಸ್ ಇದೆ, ಆದರೆ ಜಾಸ್ತಿ ಇಲ್ಲ, ವಾಪಸ್ ಬರುವ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ.

ಚರ್ಚ್ ಪಕ್ಕದ ಪ್ಲೇಗ್ ಮನೆಗಳಿಂದ ಶುರು ಮಾಡಿ. ಎಲ್ಲದರಲ್ಲೂ ಈಗಲೂ ಜನ ವಾಸ ಇದ್ದಾರೆ, ಕಿಟಕಿಯಲ್ಲಿ ಬೆಕ್ಕು ಕೂತಿರುತ್ತದೆ, ಹಾಗಾಗಿ ರಸ್ತೆಯಿಂದಲೇ ನೋಡಬೇಕು. ಮನೆ ಮುಂದೆ ಬೋರ್ಡ್ ಇದೆ, ಅದನ್ನು ನಿಧಾನಕ್ಕೆ ಓದಿ. ಇಲ್ಲಿನ ಒಂದು ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು, ಒದ್ದೆಯಾಗಿದ್ದ ಬಟ್ಟೆಯನ್ನು ಬೆಂಕಿ ಮುಂದೆ ಒಣಗಲು ಹಾಕಿದರು, ಅದರಲ್ಲಿದ್ದ ಚಿಗಟದಿಂದ ರೋಗ ಹಬ್ಬಿತು ಅನ್ನುವುದು ಊರಿನವರು ಹೇಳುವ ಕಥೆ. ಆ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ 1665ರ ಸೆಪ್ಟೆಂಬರ್ 7ಕ್ಕೆ ಸತ್ತ. ಮನೆಯೊಡತಿ ಮೇರಿಯ 4 ವರ್ಷದ ಮಗ ಎಡ್ವರ್ಡ್ ಸೆಪ್ಟೆಂಬರ್ 22ಕ್ಕೆ, 12 ವರ್ಷದ ಜೊನಾಥನ್ ಅಕ್ಟೋಬರ್ 2ಕ್ಕೆ, ಗಂಡ ಮುಂದಿನ ಆಗಸ್ಟ್‌ನಲ್ಲಿ. ಮೇರಿ ಒಬ್ಬಳೇ ಉಳಿದಳು, 13 ಜನ ಬಂಧುಗಳನ್ನು ಕಳೆದುಕೊಂಡು. ನಾನು ಫೋಟೋ ತೆಗೆಯಲು ಫೋನ್ ಎತ್ತಿದವನು ತೆಗೆಯದೆ ಹಾಗೇ ಜೇಬಿಗೆ ಹಾಕಿಕೊಂಡೆ. ನಿಮ್ಮಪ್ಪ ಕೇಳಿದ ಜನ ಇಲ್ಲಿದ್ದಾರೆ.

ಆಮೇಲೆ ಸೇಂಟ್ ಲಾರೆನ್ಸ್ ಚರ್ಚ್. ಅಂಗಳದಲ್ಲಿ 8ನೇ ಶತಮಾನದ ಕೆತ್ತನೆಯ ಕಲ್ಲು ಶಿಲುಬೆ ಇದೆ, ಮೇಷ್ಟ್ರು ಅಲ್ಲಿ ಅರ್ಧ ಗಂಟೆ ನಿಲ್ಲುತ್ತಾರೆ, ಬರೆದಿಟ್ಟುಕೊಳ್ಳಿ. ಗೋಡೆ ಮೇಲೆ 1775ರ ಸೂರ್ಯ ಗಡಿಯಾರ. ಪಾದ್ರಿ ವಿಲಿಯಂ ಮೊಂಪೆಸನ್‌ನ ಹೆಂಡತಿ ಕ್ಯಾಥರೀನ್‌ಳ ಗೋರಿಯೂ ಅಲ್ಲೇ. ಸತ್ತವರಲ್ಲಿ ಬಹುಪಾಲು ಜನರಿಗೆ ಒಂದು ಕಲ್ಲೂ ಇಲ್ಲ, ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಹೂತರು.

ಮ್ಯಾಂಚೆಸ್ಟರ್‌ನಿಂದ ಒಬ್ಬರು:
ಅಮ್ಮನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಊರೊಳಗಿನ ಮುಖ್ಯ ರಸ್ತೆ ಪರವಾಗಿಲ್ಲ, ಆದರೆ ಪ್ಲೇಗ್‌ನಲ್ಲಿ ಸತ್ತ ಒಂದೇ ಮನೆಯವರನ್ನು ಹೂತಿರುವ ರೈಲಿ ಗೋರಿಗಳಿಗೆ ಏರು ದಾರಿ, ನಮ್ಮತ್ತೆ ಅರ್ಧಕ್ಕೇ ಕೂತುಬಿಟ್ಟರು. ಅಮ್ಮನನ್ನು ಹಸಿರು ಬಯಲಿನ ಹತ್ತಿರ ಕೂರಿಸಿ, ಹಳೆ ಕಾಲದಲ್ಲಿ ತಪ್ಪು ಮಾಡಿದವರ ಕಾಲು ಸಿಕ್ಕಿಸುತ್ತಿದ್ದ ಕೋಳದ ಹಲಗೆ ಅಲ್ಲಿದೆ. ನಾವು ಅಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಮ್ಯೂಸಿಯಂ ಚಿಕ್ಕದು, ಚೆನ್ನಾಗಿದೆ, ಛಾವಣಿ ಮೇಲೆ ಗಾಳಿ ದಿಕ್ಕು ತೋರಿಸುವುದಕ್ಕೆ ಕೋಳಿ ಬದಲು ಇಲಿ ಇಟ್ಟಿದ್ದಾರೆ! ದಿನವೂ ತೆರೆದಿರುವುದಿಲ್ಲ, ನಾವು ಮುಚ್ಚಿದ ಬಾಗಿಲು ನೋಡಿ ಬಂದವರು. ಈಮ್ ಹಾಲ್ ಪ್ಲೇಗ್ ಮುಗಿದ ಮೇಲೆ ಕಟ್ಟಿದ ದೊಡ್ಡ ಮನೆ, ಅದನ್ನು ಹೊರಗಿಂದ ನೋಡಿದರೆ ಸಾಕು.

ಡರ್ಬಿಯಿಂದ ಒಬ್ಬರು:
ಮೇಲಿನವರು ಬಿಡಿ ಅಂದರೂ ನಾನು ರೈಲಿ ಗೋರಿ ಬಿಡಬೇಡಿ ಅನ್ನುತ್ತೇನೆ, ಅಪ್ಪ-ಮಗ ಇಬ್ಬರೇ ಹೋಗಿ ಬನ್ನಿ. ಹೊಲದ ಮಧ್ಯೆ ದುಂಡಗಿನ ಕಲ್ಲುಗೋಡೆ, ಒಳಗೆ ಕೆಲವು ಕಲ್ಲು, ಅಷ್ಟೇ. ಎಲಿಜಬೆತ್ ಹ್ಯಾಂಕಾಕ್ ಅನ್ನುವ ಹೆಂಗಸು 1666ರ ಆಗಸ್ಟ್‌ನಲ್ಲಿ 8 ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂತ ಜಾಗ.

ಇನ್ನೊಂದು ನೋಡಬೇಕಾದ್ದು ಗಡಿ ಕಲ್ಲು, ಪಕ್ಕದ ಹಳ್ಳಿ ಸ್ಟೋನಿ ಮಿಡಲ್ಟನ್ ಕಡೆಗೆ ಹೋಗುವ ಕಾಲುದಾರಿಯಲ್ಲಿ. 1666ರ ಜೂನ್‌ನಲ್ಲಿ ಮೊಂಪೆಸನ್ ಮತ್ತು ಕೆಲಸ ಕಳೆದುಕೊಂಡಿದ್ದ ಹಳೆ ಪಾದ್ರಿ ಥಾಮಸ್ ಸ್ಟ್ಯಾನ್ಲಿ, ಒಬ್ಬರಿಗೊಬ್ಬರು ಆಗಿಬರದ ಪಂಥದವರು, ಒಂದಾಗಿ ಊರು ಬಿಟ್ಟು ಹೋಗಬೇಡಿ ಅಂತ ಜನರನ್ನು ಒಪ್ಪಿಸಿದರು. ಹೊರಗಿನವರು ಊಟದ ಸಾಮಾನು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಕಲ್ಲಿನಲ್ಲಿ ಗುಳಿಗಳಿವೆ, ದುಡ್ಡಿನಿಂದ ರೋಗ ಅಂಟದಿರಲಿ ಅಂತ ಊರಿನವರು ಅದರಲ್ಲಿ ವಿನೆಗರ್ ತುಂಬಿ ದುಡ್ಡು ಹಾಕಿಡುತ್ತಿದ್ದರು. ಬೆರಳು ಇಟ್ಟು ನೋಡಿ, ಅಂಚೆಲ್ಲ ನುಣ್ಣಗಾಗಿದೆ. ಮೊಂಪೆಸನ್ ಬಾವಿಯೂ ಹೀಗೇ ಸಾಮಾನು ಇಡುತ್ತಿದ್ದ ಜಾಗ, ಊರಿನ ಮೇಲುಗಡೆ, ಕಾರಿದ್ದರೆ ಅಮ್ಮನೂ ನೋಡಬಹುದು.

ನನಗೆ ಅಲ್ಲಿ ನಮ್ಮಜ್ಜಿ ನೆನಪಾದರು. ಇಲಿ ಸತ್ತು ಬಿದ್ದರೆ ಸಾಕು, ಇಡೀ ಊರು ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿತ್ತು ಅನ್ನುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ನಿಮ್ಮಪ್ಪನಿಗೆ ನಾನು ಹೇಳಬೇಕಿಲ್ಲ. ನಮ್ಮವರು ಊರು ಬಿಟ್ಟು ಉಳಿದರು, ಇವರು ಊರಲ್ಲೇ ಉಳಿದು ಸತ್ತರು. ಚಿಗಟದ ರೋಗಕ್ಕೆ ನಮ್ಮಜ್ಜಿ ಕಡೆಯವರ ಉಪಾಯವೇ ಸರಿ ಅಂತ ನನ್ನ ವಾದ, ಇಲ್ಲಿನವರ ಹತ್ತಿರ ಹೇಳಿ ಬೈಸಿಕೊಂಡಿದ್ದೇನೆ. ಅಂದಹಾಗೆ ಎಲ್ಲರೂ ತಾವಾಗಿಯೇ ಉಳಿದವರಲ್ಲ. ಅನುಕೂಲ ಇದ್ದ ಕೆಲವರು ಮೊದಲೇ ಹೊರಟರು, ಪಾದ್ರಿ ಮೊಂಪೆಸನ್ ತನ್ನ ಮಕ್ಕಳನ್ನೂ ಯಾರ್ಕ್‌ಶೈರ್‌ಗೆ ಕಳಿಸಿದ್ದ. 350 ಜನರಲ್ಲಿ 260 ಜನ ಸತ್ತರು ಅನ್ನುವ ಲೆಕ್ಕವೂ ಹಳೆಯದು. ಊರಲ್ಲಿ 700ರ ಆಸುಪಾಸು ಜನ ಇದ್ದರು ಅನ್ನುತ್ತಾರೆ ಈಗ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ, "ಆ ಮೇರಿ ಆಮೇಲೆ ಏನಾದಳು?" ಅಂತ ಕೇಳುತ್ತಿದ್ದಾರೆ! ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಸಂಡೇ ಅಂತೆ, ಆವತ್ತೇ ಹೋಗಲಾ?

ಶೆಫೀಲ್ಡ್‌ನವರೇ ಮತ್ತೆ:
ಹೋಗಿ, ಆದರೆ ಬೆಳಿಗ್ಗೆ ಬೇಗ ಹೋಗಿ, ಕಾರ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ಪ್ಲೇಗ್ ಹೊತ್ತಿನಲ್ಲಿ ಚರ್ಚ್ ಮುಚ್ಚಿ ಕಕ್ಲೆಟ್ ಡೆಲ್ಫ್ ಅನ್ನುವ ಬಯಲಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡುತ್ತಿದ್ದರು, ಅದರ ನೆನಪಿಗೆ ಈಗಲೂ ಅಲ್ಲಿಯೇ ಸೇರುತ್ತಾರೆ. ಅದೇ ಹೊತ್ತಿಗೆ ಊರಿನ ಬಾವಿಗಳಿಗೆ ಹೂವಿನ ಎಸಳಿನಿಂದ ಚಿತ್ರ ಮಾಡಿ ಅಲಂಕಾರ ಮಾಡಿರುತ್ತಾರೆ, ಅಮ್ಮನಿಗೆ ಅದು ಇಷ್ಟ ಆಗುತ್ತದೆ. ಕೊಡೆ ಮರೆಯಬೇಡಿ.