‘ಅನುಮತಿ’, ‘ನಿಷೇಧ’, ‘ಬದಲಿ ಖಾತೆ’: ಡೇಟಾಬೇಸ್ ಜಾಬ್‌ಗಳ ಬಗ್ಗೆ ಬರೆಯುವಾಗ ಯಾವ ಪದ ಸರಿ?

ಮಾನ್ಯರೇ,

ಡೇಟಾಬೇಸ್ ಸರ್ವರಿನಲ್ಲಿ ನಿಗದಿತ ವೇಳೆಗೆ ತಾವಾಗಿಯೇ ನಡೆಯುವ ಜಾಬ್‌ಗಳಿಗೆ ಯಾವ ಖಾತೆಯನ್ನು ಹೊಂದಿಸಬೇಕು, ಆ ಖಾತೆಗೆ ಎಷ್ಟರ ಮಟ್ಟಿಗೆ ಅಧಿಕಾರ ಕೊಡಬೇಕು ಎಂಬುದನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸರ್ವರ್, ಜಾಬ್, ಲಾಗಿನ್, ಪಾಸ್‌ವರ್ಡ್ ಮುಂತಾದವನ್ನು ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಅವುಗಳ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆಗಳೆಲ್ಲ ಅಧಿಕಾರಕ್ಕೆ ಸಂಬಂಧಿಸಿದ ಪದಗಳನ್ನು ಕುರಿತವು. ಇಲ್ಲಿ ಪದ ಸಡಿಲವಾದರೆ ಓದಿದವರು ಕೊಡಬಾರದ ಅಧಿಕಾರವನ್ನು ಕೊಟ್ಟುಬಿಡುತ್ತಾರೆ.

ಮೊದಲನೆಯದು ‘ಸೆಕ್ಯುರಿಟಿ ಕಾಂಟೆಕ್ಸ್ಟ್’, ಅಂದರೆ ಜಾಬಿನ ಒಂದು ಹಂತ ಯಾವ ಖಾತೆಯ ಅಧಿಕಾರದಲ್ಲಿ ನಡೆಯುತ್ತದೆ ಎಂಬುದು. ಇದನ್ನು ‘ಭದ್ರತಾ ಸಂದರ್ಭ’ ಎಂದರೆ ಪದಕ್ಕೆ ಪದ ಕೂರುತ್ತದೆಯೇ ಹೊರತು ಅರ್ಥ ಹೊರಡುವುದಿಲ್ಲ. ‘ಈ ಹಂತವು ಮಾಲೀಕರ ಭದ್ರತಾ ಸಂದರ್ಭದಲ್ಲಿ ನಡೆಯುತ್ತದೆ’ ಎಂಬ ವಾಕ್ಯವನ್ನು ಓದಿದವರು ಅದು ಯಾವಾಗ ನಡೆಯುತ್ತದೆ ಎಂದು ಕೇಳಿದರೆ ತಪ್ಪೇನಿಲ್ಲ. ಆಸ್ತಿ, ಸಾಲ, ಅರ್ಜಿ ಎಲ್ಲವೂ ಕನ್ನಡದಲ್ಲಿ ಒಬ್ಬರ ‘ಹೆಸರಿನಲ್ಲಿ’ ಇರುವುದರಿಂದ, ‘ಮಾಲೀಕರ ಹೆಸರಿನಲ್ಲಿ ನಡೆಯುತ್ತದೆ’ ಎಂದರೆ ಸಾಕೆಂದು ನನ್ನ ಅನಿಸಿಕೆ.

ಈ ‘ಹೆಸರು’ ಎಷ್ಟು ಮುಖ್ಯವೆಂಬುದಕ್ಕೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ವ್ಯವಸ್ಥೆಯಾದ ಎಸ್‌ಕ್ಯೂಎಲ್ ಸರ್ವರಿನ ಒಂದು ಜಾಬನ್ನೇ ನೋಡಬಹುದು. ರಾತ್ರಿ 2 ಗಂಟೆಗೆ ಮೊದಲ ಹಂತದಲ್ಲಿ ಟಿ-ಎಸ್‌ಕ್ಯೂಎಲ್ ಎಂಬ ಆ ಸರ್ವರಿನ ಭಾಷೆಯ ಆದೇಶದಿಂದ ಬ್ಯಾಕಪ್ ಆಗುತ್ತದೆ. ಎರಡನೆಯ ಹಂತದಲ್ಲಿ ಆಪರೇಟಿಂಗ್ ಸಿಸ್ಟಮ್ ಆದೇಶವೊಂದು ಆ ಫೈಲನ್ನು ಬೇರೊಂದು ಯಂತ್ರದ ಫೋಲ್ಡರಿಗೆ ನಕಲಿಸುತ್ತದೆ. ಜಾಬಿನ ಮಾಲೀಕತ್ವ ಸಾಮಾನ್ಯ ಲಾಗಿನ್ ಒಂದರದು ಎಂದಿಟ್ಟುಕೊಳ್ಳೋಣ. ಬ್ಯಾಕಪ್ ಆದೇಶ ನಡೆಯುವುದು ಆ ಮಾಲೀಕರ ಹೆಸರಿನಲ್ಲಿ; ಆದರೆ ಬ್ಯಾಕಪ್ ಫೈಲನ್ನು ಡಿಸ್ಕಿಗೆ ಬರೆಯುವುದು ಡೇಟಾಬೇಸ್ ಎಂಜಿನ್‌ನ ಸೇವಾ ಖಾತೆ; ನಕಲಿಸುವ ಹಂತಕ್ಕೆ ಇವೆರಡೂ ಒದಗದೆ, ಪ್ರಾಕ್ಸಿ ಎಂಬ ಮೂರನೆಯ ಹೆಸರು ಬೇಕಾಗುತ್ತದೆ. ಇದೇ ಜಾಬಿನ ಮಾಲೀಕತ್ವವನ್ನು ಸರ್ವರಿನ ಮೇಲೆ ಪೂರ್ಣ ಅಧಿಕಾರವಿರುವ ಸಿಸ್‌ಅಡ್ಮಿನ್ ಗುಂಪಿನ ಸದಸ್ಯರಿಗೆ ವಹಿಸಿದರೆ ಪ್ರಾಕ್ಸಿಯ ಅಗತ್ಯವೇ ಬೀಳುವುದಿಲ್ಲ, ಎರಡು ಹಂತಗಳೂ ಜಾಬ್‌ಗಳನ್ನು ನಡೆಸುವ ‘ಏಜೆಂಟ್’ ಎಂಬ ಸೇವೆಯ ಖಾತೆಯ ಹೆಸರಿನಲ್ಲಿ ನಡೆಯುತ್ತವೆ. ಆ ಖಾತೆಯೂ ಸಿಸ್‌ಅಡ್ಮಿನ್ ಆಗಿರಲೇಬೇಕಾದ್ದರಿಂದ ಅದು ಮಾಡಲಾಗದ್ದು ಸರ್ವರಿನಲ್ಲಿ ಏನೂ ಉಳಿಯುವುದಿಲ್ಲ. ‘ಜಾಬ್ ಓಡಿದರೆ ಸಾಕು’ ಎನ್ನುವವರು ಈ ಎರಡನೆಯ ದಾರಿ ಹಿಡಿಯುವುದು ಇದಕ್ಕಾಗಿಯೇ, ಕೈಪಿಡಿ ಬಿಡಿಸಬೇಕಾದ ಅಭ್ಯಾಸವೂ ಇದೇ.

ಹಾಗಾದರೆ ‘ಪ್ರಾಕ್ಸಿ’ಗೆ ಏನೆನ್ನಬೇಕು? ‘ಪ್ರತಿನಿಧಿ ಖಾತೆ’ ಎಂಬುದು ಥಟ್ಟನೆ ಹೊಳೆಯುವ ಪದ. ಆದರೆ ಪ್ರತಿನಿಧಿಯಾದವರು ತಮ್ಮನ್ನು ಕಳುಹಿಸಿದವರ ಅಧಿಕಾರವನ್ನು ಹೊತ್ತು ಹೋಗುತ್ತಾರೆ. ಮುಖ್ತ್ಯಾರು ಪತ್ರದ ಮಾತೂ ಅಷ್ಟೇ. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ. ಪ್ರಾಕ್ಸಿಯ ಹಿಂದೆ ವಿಂಡೋಸ್ ಖಾತೆಯೊಂದರ ಹೆಸರು ಮತ್ತು ಪಾಸ್‌ವರ್ಡ್ ಇರುವ ಕ್ರೆಡೆನ್ಶಿಯಲ್ ಇರುತ್ತದೆ. ಫೋಲ್ಡರನ್ನು ತೆರೆಯುವಾಗ ಪರಿಶೀಲನೆಯಾಗುವುದು ಆ ಖಾತೆಯ ಅನುಮತಿಯೇ ಹೊರತು ಜಾಬ್ ಮಾಲೀಕರದಲ್ಲ. ಪ್ರಾಕ್ಸಿಯನ್ನು ಯಾವ ಬಗೆಯ ಹಂತಗಳಿಗೆ ಬಳಸಬಹುದು, ಯಾವ ಲಾಗಿನ್‌ಗಳು ಬಳಸಬಹುದು ಎಂಬುದನ್ನೂ ಪ್ರತ್ಯೇಕವಾಗಿ ನಿಗದಿಪಡಿಸಬೇಕು. ಆದ್ದರಿಂದ ‘ಬದಲಿ ಖಾತೆ’ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ. ಮುಖ್ಯ ಖಾತೆ ಕೆಟ್ಟಾಗ ಬಳಸಲು ಕಾದಿರಿಸಿದ ಖಾತೆ ಎಂದು ಯಾರಾದರೂ ತಿಳಿದಾರೆಂಬ ಅನುಮಾನವೊಂದು ಮಾತ್ರ ಉಳಿದಿದೆ.

ಇನ್ನು ‘ಪರ್ಮಿಶನ್’ ಮತ್ತು ‘ಪ್ರಿವಿಲೇಜ್’. ಎಸ್‌ಕ್ಯೂಎಲ್ ಸರ್ವರ್ ಮೊದಲನೆಯದನ್ನು ಬಳಸಿದರೆ, ಒರಾಕಲ್, ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಎರಡನೆಯದನ್ನು ಬಳಸುತ್ತವೆ. ಜಾಬ್‌ಗಳ ಮಟ್ಟಿಗೆ ಎರಡಕ್ಕೂ ‘ಅನುಮತಿ’ ಸಾಕು. ‘ಸವಲತ್ತು’ ಮಾತ್ರ ಬೇಡ. ಅದು ರಿಯಾಯಿತಿಯ ಜಾತಿಗೆ ಸೇರಿದ ಪದ.

ಒರಾಕಲ್‌ನ ‘ಕ್ರಿಯೇಟ್ ಎನಿ ಜಾಬ್’ ಎಂಬ ಅನುಮತಿ ಬೇರೆಯೇ ತೊಡಕನ್ನು ತರುತ್ತದೆ. ‘ಯಾವುದೇ ಜಾಬ್ ರಚಿಸುವ ಅನುಮತಿ’ ಎಂದು ಬರೆದರೆ ಬಗೆಬಗೆಯ ಜಾಬ್‌ಗಳನ್ನು ರಚಿಸಬಹುದು ಎಂಬಷ್ಟೇ ಅರ್ಥ ಬರುತ್ತದೆ, ನಿರಪಾಯವಾಗಿಯೂ ಕೇಳಿಸುತ್ತದೆ. ನಿಜಕ್ಕೂ ಆ ‘ಎನಿ’ ಸ್ಕೀಮಾಕ್ಕೆ, ಅಂದರೆ ಒಬ್ಬ ಬಳಕೆದಾರರ ಹೆಸರಿನಲ್ಲಿರುವ ಟೇಬಲ್, ಜಾಬ್ ಮುಂತಾದವುಗಳ ಗುಂಪಿಗೆ ಸಂಬಂಧಿಸಿದ್ದು: ಒರಾಕಲ್‌ನ ಸ್ವಂತ ಸ್ಕೀಮಾವಾದ ಎಸ್‌ವೈಎಸ್ ಒಂದನ್ನು ಬಿಟ್ಟು ಬೇರೆ ಯಾರ ಸ್ಕೀಮಾದಲ್ಲಾದರೂ ಜಾಬ್ ರಚಿಸಬಹುದು, ಅಂದರೆ ಬೇರೆ ಯಾರ ಹೆಸರಿನಲ್ಲಾದರೂ ಕೋಡ್ ನಡೆಸಬಹುದು. ಇದನ್ನು ‘ಯಾರ ಸ್ಕೀಮಾದಲ್ಲಾದರೂ ಜಾಬ್ ರಚಿಸುವ ಅನುಮತಿ’ ಎಂದೇ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆಗಲಿ.

ಅತಿ ಹೆಚ್ಚು ಗೊಂದಲವಿರುವುದು ‘ಡಿನೈ’ ಮತ್ತು ‘ರಿವೋಕ್’ ನಡುವೆ. ‘ಅನುಮತಿಯನ್ನು ರದ್ದುಪಡಿಸಲಾಗಿದೆ’ ಎಂದು ಓದಿದವರು ಆ ಖಾತೆಗೆ ಇನ್ನು ಪ್ರವೇಶವಿಲ್ಲ ಎಂದೇ ತಿಳಿಯುತ್ತಾರೆ. ಆದರೆ ಎಸ್‌ಕ್ಯೂಎಲ್ ಸರ್ವರಿನಲ್ಲಿ ರಿವೋಕ್ ಮಾಡುವುದೆಂದರೆ ಹಿಂದೆ ಬರೆದದ್ದನ್ನು ಅಳಿಸುವುದಷ್ಟೇ: ಕೊಟ್ಟ ಅನುಮತಿಯಿದ್ದರೆ ಅದು ಹೋಗುತ್ತದೆ, ಹಾಕಿದ ನಿಷೇಧವಿದ್ದರೆ ಅದೂ ಹೋಗುತ್ತದೆ. ಅದೇ ಅನುಮತಿ ಆ ಖಾತೆ ಸೇರಿರುವ ಯಾವುದಾದರೂ ರೋಲ್ (ಅನುಮತಿಗಳನ್ನು ಒಟ್ಟಾಗಿ ಪಡೆಯುವ ಗುಂಪು) ಮೂಲಕ ಬರುತ್ತಿದ್ದರೆ ಜಾಬ್ ಮೊದಲಿನಂತೆಯೇ ಓಡುತ್ತಿರುತ್ತದೆ. ಡಿನೈ ಮಾಡಿದರೆ, ಸಾಮಾನ್ಯವಾಗಿ ರೋಲ್ ಮೂಲಕ ಬಂದ ಅನುಮತಿಯೂ ನಡೆಯದು. ಸಿಸ್‌ಅಡ್ಮಿನ್ ಸದಸ್ಯರಿಗಂತೂ ಅದು ತಾಗುವುದಿಲ್ಲ. ಹೀಗಾಗಿ ಡಿನೈಗೆ ‘ನಿಷೇಧಿಸು’ ಎಂದೂ, ರಿವೋಕ್‌ಗೆ ‘ತೆಗೆದುಹಾಕು’ ಎಂದೂ ಇಟ್ಟುಕೊಂಡು, ‘ರದ್ದು’ ಪದವನ್ನು ಪೂರ್ತಿ ಕೈಬಿಟ್ಟಿದ್ದೇನೆ. ‘ಹಿಂಪಡೆ’ ಎಂಬುದನ್ನೂ ಯೋಚಿಸಿದ್ದುಂಟು. ಆದರೆ ನಿಷೇಧವನ್ನು ಹಿಂಪಡೆದರೆ ಅನುಮತಿ ಕೊಟ್ಟಂತೆ ಕೇಳಿಸುತ್ತದೆ, ಅದು ನಿಜವಲ್ಲ.

ಬಲ್ಲವರಲ್ಲಿ ನನ್ನ ಕೇಳಿಕೆ ಮೂರು. ‘ಬದಲಿ ಖಾತೆ’ ಎಂಬುದು ‘ಕಾದಿರಿಸಿದ ಖಾತೆ’ ಎಂಬ ಅರ್ಥ ಕೊಡುತ್ತದೆಯೇ, ಕೊಡುವುದಾದರೆ ‘ಪ್ರಾಕ್ಸಿ’ಯನ್ನೇ ಉಳಿಸಿಕೊಳ್ಳಬೇಕೇ? ‘ಕ್ರೆಡೆನ್ಶಿಯಲ್’ಗೆ ‘ರುಜುವಾತು’ ಎಂದರೆ ನ್ಯಾಯಾಲಯದ ಸಾಕ್ಷ್ಯದ ನೆನಪಾಗದೆ ಓದಲು ಸಾಧ್ಯವೇ? ‘ನಿಷೇಧವನ್ನು ತೆಗೆದುಹಾಕಲಾಗಿದೆ, ಆದರೆ ಅನುಮತಿ ಕೊಟ್ಟಿಲ್ಲ’ ಎಂಬ ಸ್ಥಿತಿಯನ್ನು ಒಂದೇ ಪದದಲ್ಲಿ ಹೇಳುವ ರೂಢಿ ಕಾನೂನು ಅಥವಾ ಆಡಳಿತ ಕನ್ನಡದಲ್ಲಿ ಇದೆಯೇ? ಬಳಕೆಯ ವಾಕ್ಯವೊಂದರ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.