ಸ್ಕಮ್‌ವಿಎಂ ಹಾಕಿಕೊಂಡಿದ್ದೇನೆ, ಹಳೇ ಗೇಮ್ ಎಲ್ಲಿ ಕೊಳ್ಳಲಿ?

ಕೇಳಿದವರು, ಧಾರವಾಡ

ಹಳೇ ಕಾಲದ ಅಡ್ವೆಂಚರ್ ಗೇಮ್‌ಗಳನ್ನು ಆಡಬೇಕು ಅಂತ ಲ್ಯಾಪ್‌ಟಾಪ್‌ಗೆ ಸ್ಕಮ್‌ವಿಎಂ ಅನ್ನುವ ಸಾಫ್ಟ್‌ವೇರ್ ಇಳಿಸಿಕೊಂಡೆ. ತೆರೆದು ನೋಡಿದರೆ ಖಾಲಿ ಪಟ್ಟಿ, ಒಂದು ಗೇಮೂ ಇಲ್ಲ. ಚಿಕ್ಕವನಿದ್ದಾಗ ಚಿಕ್ಕಪ್ಪನ ಮನೆಯ ಕಂಪ್ಯೂಟರಿನಲ್ಲಿ ‘ಇಂಡಿಯಾನಾ ಜೋನ್ಸ್ ಅಂಡ್ ದ ಫೇಟ್ ಆಫ್ ಅಟ್ಲಾಂಟಿಸ್’ ಅರ್ಧ ಆಡಿದ್ದೆ. ರಜೆ ಮುಗಿಯಿತು, ಗೇಮ್ ಮುಗಿಯಲಿಲ್ಲ. ಈಗ ಅದನ್ನು ದುಡ್ಡು ಕೊಟ್ಟೇ ಕೊಂಡು ಮುಗಿಸಬೇಕು ಅಂತಿದ್ದೇನೆ. ಎಲ್ಲಿ ಸಿಗುತ್ತದೆ? ಕೊಳ್ಳುವ ಮುಂಚೆ ಏನು ನೋಡಿಕೊಳ್ಳಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಪಟ್ಟಿ ಖಾಲಿ ಇರುವುದೇ ಸರಿ, ಗಾಬರಿ ಬೇಡ. ನೀವು ಟೇಪ್ ರೆಕಾರ್ಡರ್ ತಂದಿದ್ದೀರಿ, ಕ್ಯಾಸೆಟ್ ಇನ್ನೂ ತರಬೇಕು, ಅಷ್ಟೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಕೊಳ್ಳುವಾಗ ತಪ್ಪಾಗುವುದಿಲ್ಲ. ಡಾಸ್‌ಬಾಕ್ಸ್ ಅಂತ ಇನ್ನೊಂದಿದೆ. ಅದು ಡಾಸ್ (ವಿಂಡೋಸ್‌ಗೂ ಮುಂಚಿನ ವ್ಯವಸ್ಥೆ) ಓಡುತ್ತಿದ್ದ ಹಳೇ ಕಂಪ್ಯೂಟರನ್ನೇ ಪೂರ್ತಿ ನಟಿಸುತ್ತದೆ, ಅದರ ಸೌಂಡ್ ಕಾರ್ಡ್ ಸಮೇತ. ಸ್ಕಮ್‌ವಿಎಂ ಹಾಗಲ್ಲ. ಗೇಮನ್ನು ಓಡಿಸುವ ಪ್ರೋಗ್ರಾಮ್ ಭಾಗವನ್ನು ಮಾತ್ರ ಹೊಸದಾಗಿ ಬರೆದಿದ್ದಾರೆ. ಚಿತ್ರ, ಮಾತು, ಸಂಗೀತ ಎಲ್ಲ ಮೂಲ ಗೇಮಿನ ಫೈಲ್‌ಗಳಿಂದಲೇ ಬರಬೇಕು. 1987ರ ‘ಮೇನಿಯಾಕ್ ಮ್ಯಾನ್ಶನ್’ ಮಾಡಲು ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನವರು ಕಟ್ಟಿಕೊಂಡ ಸಲಕರಣೆಯ ಹೆಸರು ಸ್ಕಮ್. ಅದರಲ್ಲಿ ಮಾಡಿದ ಗೇಮ್‌ಗಳನ್ನು ಆಡಿಸಲು 2001ರಲ್ಲಿ ಶುರುವಾದದ್ದು ಸ್ಕಮ್‌ವಿಎಂ. ಆಮೇಲೆ ಸಿಯೆರಾ, ರೆವೊಲ್ಯೂಷನ್ ಮುಂತಾದ ಕಂಪನಿಗಳ ಗೇಮ್‌ಗಳೂ ಸೇರಿಕೊಂಡವು. ಆದರೆ ‘ಪ್ರಿನ್ಸ್ ಆಫ್ ಪರ್ಷಿಯಾ’ದಂಥ ಹಾರುವ, ಓಡುವ ಡಾಸ್ ಗೇಮ್ ಬೇಕಿದ್ದರೆ ಡಾಸ್‌ಬಾಕ್ಸ್ ಕಡೆ ಹೋಗಿ. ಇವೆರಡನ್ನೂ ಒಂದೇ ಅಂದುಕೊಂಡು ಕೊಳ್ಳುವವರು ತುಂಬ ಜನ.

ದುಡ್ಡು ಹಾಕುವ ಮುಂಚೆ ಒಂದು ಪುಕ್ಕಟೆ ಗೇಮ್ ಹಾಕಿ ನೋಡಿ. ರೆವೊಲ್ಯೂಷನ್‌ನವರ ‘ಬಿನೀತ್ ಎ ಸ್ಟೀಲ್ ಸ್ಕೈ’ 1994ರದು. 2003ರಲ್ಲಿ ಅವರೇ ಅದನ್ನು ಪುಕ್ಕಟೆ ಬಿಟ್ಟುಕೊಟ್ಟರು. ‘ಫ್ಲೈಟ್ ಆಫ್ ದ ಅಮೆಜಾನ್ ಕ್ವೀನ್’, ‘ಡ್ರೀಮ್‌ವೆಬ್’ ಕೂಡ ಹಾಗೆಯೇ. ಎಲ್ಲವೂ ಸ್ಕಮ್‌ವಿಎಂನವರ ತಾಣದಲ್ಲೇ ಸಿಗುತ್ತವೆ. ಸುಮ್ನೆ ಅಭ್ಯಾಸಕ್ಕೆ ಅಂತ ಶುರುಮಾಡಿ ‘ಸ್ಟೀಲ್ ಸ್ಕೈ’ಯನ್ನು ಎರಡು ಭಾನುವಾರ ಕೂತು ಮುಗಿಸಿದೆ. ಅಷ್ಟು ಒಳ್ಳೆಯ ಗೇಮ್ ಅದು.

ಇನ್ನು ನಿಮ್ಮ ಅಟ್ಲಾಂಟಿಸ್. ಆನ್‌ಲೈನ್ ಗೇಮ್ ಅಂಗಡಿಗಳಾದ ಜಿಒಜಿಯಲ್ಲೂ ಇದೆ, ಸ್ಟೀಮ್‌ನಲ್ಲೂ ಇದೆ. ನಾನು ಜಿಒಜಿಯಲ್ಲಿ ಕೊಂಡೆ. 2008ರಲ್ಲಿ ಹಳೇ ಗೇಮ್ ಮಾರಲೆಂದೇ ಶುರುವಾದ ಅಂಗಡಿ ಅದು. ಅಲ್ಲಿ ಕೊಂಡದ್ದಕ್ಕೆ ಬೀಗ ಇರುವುದಿಲ್ಲ. ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ಇನ್‌ಸ್ಟಾಲ್ ಆದ ಮೇಲೆ ಆ ಫೋಲ್ಡರ್ ತೆರೆದು ನೋಡಿ. ಅಟ್ಲಾಂಟಿಸ್.000, ಅಟ್ಲಾಂಟಿಸ್.001, ಮಾನ್‌ಸ್ಟರ್.ಎಸ್‌ಒಯು ಅಂತ ಮೂರು ಫೈಲ್ ಕಾಣುತ್ತವೆ. ಗೇಮ್ ಅಂದರೆ ಅವೇ. ಮೂರನೆಯದು ಪಾತ್ರಗಳ ಮಾತು. 1992ರ ಫ್ಲಾಪಿ ಆವೃತ್ತಿಯಲ್ಲಿ ಅದು ಇರಲಿಲ್ಲ, ಮಾತೆಲ್ಲ ಬರೀ ಅಕ್ಷರದಲ್ಲಿ ಬರುತ್ತಿತ್ತು. ಈ ಮೂರನ್ನು ಬೇರೆ ಫೋಲ್ಡರ್‌ಗೆ ಹಾಕಿ, ಸ್ಕಮ್‌ವಿಎಂನಲ್ಲಿ ಗೇಮ್ ಸೇರಿಸುವ ಗುಂಡಿ ಒತ್ತಿ, ಆ ಫೋಲ್ಡರ್ ತೋರಿಸಿ. ಅದು ಫೈಲ್ ಹೆಸರನ್ನಷ್ಟೇ ನಂಬುವುದಿಲ್ಲ. ಫೈಲಿನ ಒಳಗಿರುವುದನ್ನೂ ಓದಿ ತನ್ನ ಪಟ್ಟಿಗೆ ತಾಳೆ ನೋಡುತ್ತದೆ. ತಾಳೆಯಾದರೆ ಯಾವ ಆವೃತ್ತಿ, ಯಾವ ಭಾಷೆ ಅಂತ ತಾನೇ ಹೇಳುತ್ತದೆ.

ಪಾವತಿಯ ವಿಷಯ ಒಂದು ಮಾತು. ನನ್ನ ಕಾರ್ಡ್ ಎರಡು ಸಲ ತಿರಸ್ಕಾರವಾಯಿತು. ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಮೊದಲಿಂದ ಆಫ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ ಮಿತಿ ಹಾಕಿ, ಕೊಂಡು ಮುಗಿದ ಮೇಲೆ ಆಫ್ ಮಾಡಿ. ಸ್ಟೀಮ್‌ನಲ್ಲಾದರೆ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ.

ಶಿವಮೊಗ್ಗದಿಂದ

ಹಳೇ ಸಿಡಿಯೇ ಕೊಳ್ಳಬೇಕು ಅಂತ ಮನಸ್ಸಾದರೆ ನನ್ನ ಅನುಭವ ಕೇಳಿ. ಡಬ್ಬಿ, ಪುಸ್ತಕ ಎಲ್ಲ ಕೈಯಲ್ಲಿ ಹಿಡಿದು ನೋಡುವ ಖುಷಿಯೇ ಬೇರೆ, ಅದಕ್ಕೆ ನಾನು ಆ ದಾರಿ ಹಿಡಿದೆ. ‘ದ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಸಿಡಿಯನ್ನು ವಿದೇಶದ ಮಾರಾಟಗಾರರೊಬ್ಬರಿಂದ ತರಿಸಿದೆ. ಹೊದಿಕೆ ಇಂಗ್ಲಿಷಿನಲ್ಲಿತ್ತು. ಸ್ಕಮ್‌ವಿಎಂಗೆ ತೋರಿಸಿದರೆ ಹೆಸರಿನ ಪಕ್ಕದಲ್ಲಿ ಜರ್ಮನ್ ಅಂತ ಬಂತು. ಬೇರೆ ಡಬ್ಬಿಗೆ ಬೇರೆ ಸಿಡಿ ಹಾಕಿ ಕಳಿಸಿದ್ದರು. ವಾಪಸ್ ಮಾಡಲು ಅಂಚೆ ಖರ್ಚೇ ಸಿಡಿಗಿಂತ ಜಾಸ್ತಿ. ಬಹಳ ಬೇಜಾರಾಯಿತು. ಈಗ ಸಿಡಿಯ ಎರಡೂ ಬದಿಯ ಫೋಟೊ, ಸಾಧ್ಯವಾದರೆ ಗೇಮಿನ ಮೊದಲ ತೆರೆಯ ಫೋಟೊ ಕೇಳದೆ ದುಡ್ಡು ಕಳಿಸುವುದಿಲ್ಲ.

ಎರಡನೇ ಸಲ ಇಂಗ್ಲಿಷ್ ಸಿಡಿಯೇ ಸಿಕ್ಕಿತು. ಫೈಲ್‌ಗಳನ್ನೆಲ್ಲ ಕಾಪಿ ಮಾಡಿದೆ, ಗೇಮ್ ಶುರುವಾಯಿತು. ರಾತ್ರಿಯ ದ್ವೀಪ, ಕಡಲು, ಮೇಲೆ ಗೇಮಿನ ಹೆಸರು. ಆದರೆ ಪೂರ್ತಿ ಮೌನ. ಆ ಸಂಗೀತ ಕೇಳಲೆಂದೇ ಇಷ್ಟೆಲ್ಲ ಮಾಡಿದ್ದು! ಆಮೇಲೆ ತಿಳಿಯಿತು, ಈ ಸಿಡಿಯಲ್ಲಿ ಸಂಗೀತ ಫೈಲ್ ಆಗಿ ಇಲ್ಲ. ಹಾಡಿನ ಸಿಡಿಯಲ್ಲಿ ಇರುವ ಹಾಗೆ ಆಡಿಯೊ ಟ್ರ್ಯಾಕ್ ಆಗಿ ಇದೆ. ಅದನ್ನು ಬೇರೆ ಸಾಫ್ಟ್‌ವೇರಿನಲ್ಲಿ ಎಳೆದು, ಟ್ರ್ಯಾಕ್ ನಂಬರ್ ಹಾಕಿ, ಗೇಮ್ ಫೋಲ್ಡರ್‌ನಲ್ಲೇ ಇಟ್ಟಾಗ ದನಿ ಬಂತು. ‘ಲೂಮ್’ ಸಿಡಿಯಲ್ಲಿ ಪಾತ್ರಗಳ ಮಾತೂ ಹೀಗೇ ಟ್ರ್ಯಾಕ್‌ನಲ್ಲಿದೆ. ನಿಮ್ಮ ಅಟ್ಲಾಂಟಿಸ್‌ಗೆ ಈ ತೊಂದರೆ ಇಲ್ಲ.

ಫ್ಲಾಪಿ ಮಾತ್ರ ಕೊಳ್ಳಬೇಡಿ. ಮೂವತ್ತು ವರ್ಷದ ಫ್ಲಾಪಿ ಓದುತ್ತದೆ ಅಂತ ನಂಬಿ ದುಡ್ಡು ಕೊಡುವುದು ಬೇಡ. ಶೋಕೇಸಿನಲ್ಲಿ ಇಡಲು ಬೇಕಿದ್ದರೆ ಸರಿ.

ಪುಣೆಯಿಂದ

ಒಂದು ಎಚ್ಚರಿಕೆ ನಾನು ಸೇರಿಸುತ್ತೇನೆ, ಹೊಸ ರೂಪದಲ್ಲಿ ಬಂದಿರುವ ಗೇಮ್‌ಗಳ ಬಗ್ಗೆ. 1993ರ ‘ಡೇ ಆಫ್ ದ ಟೆಂಟಕಲ್’ ನನಗೆ ಪ್ರಾಣ. ಅಂಗಡಿಯಲ್ಲಿ ಸಿಗುವುದು 2016ರ ರೀಮಾಸ್ಟರ್ಡ್. ಅದನ್ನು ಕೊಂಡು ಆಗಿದ್ದ ಹಳೇ ಆವೃತ್ತಿಯ ಸ್ಕಮ್‌ವಿಎಂಗೆ ತೋರಿಸಿದರೆ ಅದಕ್ಕೆ ಗುರುತೇ ಸಿಗಲಿಲ್ಲ. ಮೂಲ ಫೈಲ್‌ಗಳು ಅದರಲ್ಲಿ ಇವೆ, ಆದರೆ ಒಂದೇ ದೊಡ್ಡ ಫೈಲಿನೊಳಗೆ ಕಟ್ಟಿಟ್ಟಿದ್ದಾರೆ. ಬಿಚ್ಚುವ ಸಣ್ಣ ಸಾಫ್ಟ್‌ವೇರ್ ಹುಡುಕಿ ತೆಗೆಯಬೇಕಾಯಿತು. ಆದರೆ ಒಂದು ಮಾತು: ರೀಮಾಸ್ಟರ್ಡ್‌ನಲ್ಲೇ ಒಂದು ಕೀ ಒತ್ತಿದರೆ ಹಳೇ ಚಿತ್ರ ಬರುತ್ತದೆ. ಸುಮ್ನೆ ಆಡಬೇಕು ಅನ್ನುವವರಿಗೆ ಅಷ್ಟೇ ಸಾಕು. ನಾನು ಬಿಚ್ಚಿದ್ದು ಫೋನಿನಲ್ಲಿ ಆಡಬೇಕಿತ್ತು ಅಂತ. ಆಂಡ್ರಾಯ್ಡ್‌ಗೂ ಸ್ಕಮ್‌ವಿಎಂ ಇದೆ, ಕೊಂಡ ಫೈಲ್‌ಗಳನ್ನೇ ಫೋನಿಗೆ ಹಾಕಿದರೆ ಆಯಿತು. ಇನ್ನೊಂದು ಸಂತೋಷದ ವಿಷಯ: ಈ ಗೇಮಿನೊಳಗೆ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇದೆ, ಅದರ ಮುಂದೆ ಹೋಗಿ ಬಳಸಿದರೆ ‘ಮೇನಿಯಾಕ್ ಮ್ಯಾನ್ಶನ್’ ಪೂರ್ತಿ ಆಡಬಹುದು. ಒಂದರ ಬೆಲೆಗೆ ಎರಡು ಗೇಮ್.

‘ಬ್ಲೇಡ್ ರನ್ನರ್’ ಕೊಳ್ಳುವವರೂ ಹೆಸರು ಗಮನಿಸಿ. 1997ರ ಮೂಲ ಗೇಮನ್ನು ಜಿಒಜಿ 2019ರಲ್ಲಿ ಸ್ಕಮ್‌ವಿಎಂ ಜೊತೆಗೇ ಮಾರಲು ತೆಗೆದುಕೊಂಡಿತು. 2022ರಲ್ಲಿ ಬಂದ ಎನ್‌ಹ್ಯಾನ್ಸ್‌ಡ್ ಎಡಿಷನ್ ಬೇರೆ. ಸ್ಕಮ್‌ವಿಎಂಗೆ ಬೇಕಾದದ್ದು ಮೊದಲನೆಯದು.

ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ, ಜಿಒಜಿಯಲ್ಲಿ ವಿಂಡೋಸ್‌ಗೆ ಮಾತ್ರ ಅಂತ ಬರೆದಿದ್ದರೂ ಕೈ ಬಿಡಬೇಡಿ. ಇನ್ನೊಎಕ್ಸ್‌ಟ್ರಾಕ್ಟ್ ಅನ್ನುವ ಪುಟ್ಟ ಸಾಧನ ಆ ಇನ್‌ಸ್ಟಾಲರನ್ನು ಬಿಚ್ಚಿ ಒಳಗಿನ ಫೈಲ್ ಕೊಡುತ್ತದೆ. ನನ್ನ ಮ್ಯಾಕ್‌ನಲ್ಲಿ ಎಲ್ಲ ಹೀಗೇ ಆಡಿದ್ದು.

ಮೈಸೂರಿನಿಂದ

ಯಾರೂ ಮಾರದ ಗೇಮ್ ಅಂತ ಸಿಕ್ಕ ಕಡೆಯಿಂದ ಇಳಿಸಿಕೊಳ್ಳುವವರು ಇದ್ದಾರೆ. ಹಳೆಯದಾದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ನೀವು ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಅಂದದ್ದು ಓದಿ ನಿಜಕ್ಕೂ ಖುಷಿಯಾಯಿತು. ಕೊಳ್ಳುವ ಮುಂಚೆ ಸ್ಕಮ್‌ವಿಎಂ ತಾಣದಲ್ಲಿ ಯಾವ ಗೇಮ್ ಓಡುತ್ತದೆ ಅಂತ ಹೇಳುವ ಕಂಪ್ಯಾಟಿಬಿಲಿಟಿ ಪಟ್ಟಿ ಇದೆ, ಅದರಲ್ಲಿ ಗೇಮಿನ ಹೆಸರು ನೋಡಿಕೊಳ್ಳಿ. ಒಂದು ನಿಮಿಷದ ಕೆಲಸ.

ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಆಸ್ಪೆಕ್ಟ್ ರೇಶಿಯೊ ಸರಿಪಡಿಸುವ ಗುರುತು ಹಾಕಿ. ಆ ಕಾಲದ ಚಿತ್ರ 320 ಅಡ್ಡ, 200 ಉದ್ದ ಚುಕ್ಕಿಗಳದು. ಹಳೇ ಮಾನಿಟರ್ ಅದನ್ನು ಮೇಲಕ್ಕೆ ಎಳೆದು ತೋರಿಸುತ್ತಿತ್ತು. ಈಗಿನ ತೆರೆ ಎಳೆಯುವುದಿಲ್ಲ. ಗುರುತು ಹಾಕದಿದ್ದರೆ ಇಂಡಿ (ಇಂಡಿಯಾನಾ ಜೋನ್ಸ್) ಕುಳ್ಳಗೆ, ದಪ್ಪಗೆ ಕಾಣುತ್ತಾನೆ.

ಮತ್ತೆ ಧಾರವಾಡದಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಜಿಒಜಿಯಲ್ಲಿ ಕೊಂಡೆ. ಕಾರ್ಡ್ ಮೊದಲು ಆಗಲಿಲ್ಲ, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿದ ಮೇಲೆ ಆಯಿತು. ಮೂರು ಫೈಲೂ ಹೇಳಿದ ಹಾಗೇ ಸಿಕ್ಕವು. ಇಂಡಿ ಕಾಲೇಜಿನ ಅಟ್ಟದಿಂದ ಒಂದೊಂದೇ ಮಹಡಿ ಬೀಳುತ್ತಾ ಬಂದಾಗ ಮೈ ಜುಮ್ಮೆಂದಿತು. ಎಲ್ಲ ನೆನಪಿತ್ತು. ಆದರೆ ಮಾತು ಕೇಳಿಸುತ್ತದೆ, ಅಕ್ಷರ ಕಾಣುವುದಿಲ್ಲ. ಮನೆಯವರು ಮಲಗಿರುವಾಗ ದನಿ ಕಡಿಮೆ ಇಡಬೇಕು, ಅಕ್ಷರ ಬೇಕು ಅಲ್ವಾ? ಹೇಗೆ?

ಬೆಂಗಳೂರಿನಿಂದ

ಗೇಮ್ ಆಪ್ಷನ್ಸ್‌ನಲ್ಲಿ ಆಡಿಯೊ ಅಂತ ಇದೆ. ಅಲ್ಲಿ ಮಾತು, ಅಕ್ಷರ, ಎರಡೂ ಅಂತ ಮೂರು ಆಯ್ಕೆ. ಎರಡೂ ಇಟ್ಟುಕೊಳ್ಳಿ. ಮುಂದೆ ಸೋಫಿಯಾ ಅನ್ನುವ ಪಾತ್ರ ಸಿಕ್ಕ ಮೇಲೆ ಗೇಮ್ ಮೂರು ದಾರಿಯಾಗುತ್ತದೆ: ಅವಳ ಜೊತೆ ಹೋಗುವುದು, ಬುದ್ಧಿ ಓಡಿಸುವುದು, ಹೊಡೆದಾಡುವುದು. ಮೂರರಲ್ಲೂ ಒಗಟುಗಳು ಬೇರೆ ಬೇರೆ. ಆ ಜಾಗಕ್ಕೆ ಬಂದಾಗ ಒಂದು ಸೇವ್ ಬೇರೆಯಾಗಿ ಇಟ್ಟುಕೊಳ್ಳಿ.

ಧಾರವಾಡದಿಂದ

ಅಕ್ಷರ ಬಂತು. ಚಿಕ್ಕಪ್ಪನಿಗೆ ಫೋನ್ ಮಾಡಿ ಆಗ ಯಾವ ದಾರಿ ಹಿಡಿದಿದ್ದೆವು ಅಂತ ಕೇಳಿದೆ. “ಹೊಡೆದಾಟದ್ದೇ, ನೀನು ಬೇರೆ ಯಾವುದಕ್ಕೂ ಬಿಡಲಿಲ್ಲವಲ್ಲ” ಎಂದರು. ಈ ಸಲ ಸೋಫಿಯಾ ಜೊತೆ ಹೊರಟಿದ್ದೇನೆ. ಶನಿವಾರ ಚಿಕ್ಕಪ್ಪ ಬರುತ್ತಾರಂತೆ, ಅಲ್ಲಿಯವರೆಗೆ ಮುಂದೆ ಆಡಬೇಡ ಅಂದಿದ್ದಾರೆ.