ರೋಧವೋ, ಪ್ರತಿರೋಧವೋ? ಶಕ್ತಿಯೋ, ಸಾಮರ್ಥ್ಯವೋ?

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ಈಗ ಐಟಿಐ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಿರುವ ಹುಡುಗರಿಗಾಗಿ ಒಂದು ಚಿಕ್ಕ ಪಾಠ ಬರೆಯುತ್ತಿದ್ದೇನೆ. ವೋಲ್ಟೇಜೂ ಕರೆಂಟೂ ಗೊತ್ತಿದ್ದರೆ ಉಳಿದೆರಡನ್ನು, ಅಂದರೆ ಇಂಗ್ಲಿಷಿನಲ್ಲಿ ರೆಸಿಸ್ಟೆನ್ಸ್, ಪವರ್ ಎನ್ನುವವನ್ನು, ಕಂಡುಹಿಡಿಯುವುದು ಹೇಗೆ ಎಂಬುದಷ್ಟೇ ಪಾಠ. ಲೆಕ್ಕ ಎಲ್ಲಿಯೂ ತೊಡಕಾಗಲಿಲ್ಲ. ಆ ಎರಡನ್ನು ಏನೆಂದು ಕರೆಯಬೇಕು ಎನ್ನುವಲ್ಲಿ ಮೂರು ದಿನಗಳಿಂದ ನಿಂತಿದ್ದೇನೆ.

ಬಚ್ಚಲುಮನೆಯ ಗೀಸರನ್ನು ಉದಾಹರಣೆಯಾಗಿ ತೆಗೆದುಕೊಂಡೆ. 230 ವೋಲ್ಟ್, 8.7 ಆಂಪೇರ್. ಭಾಗಿಸಿದರೆ ಸುಮಾರು 26.4 ಓಮ್, ಗುಣಿಸಿದರೆ ಸುಮಾರು 2,000 ವ್ಯಾಟ್. ಭಾಗಿಸಿ ಬಂದದ್ದನ್ನು ಶಾಲೆಯ ಪಠ್ಯ 'ರೋಧ' ಎನ್ನುತ್ತದೆ. ಲೇಖನಗಳಲ್ಲಿ 'ಪ್ರತಿರೋಧ' ಎಂದೂ ಓದಿದ್ದೇನೆ. ನಾನೂ ಮೊದಲು 'ಪ್ರತಿರೋಧ' ಎಂದೇ ಬರೆದು ಹುಡುಗರ ಮುಂದಿಟ್ಟೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ: ಗೀಸರಿನದು ಹೆಚ್ಚೋ, 60 ವ್ಯಾಟ್‌ನ ಹಳೆಯ ತಂತಿ ಬಲ್ಬಿನದು ಹೆಚ್ಚೋ? ಎಲ್ಲರೂ ಗೀಸರ್ ಎಂದರು. ಅಷ್ಟು ನೀರನ್ನು ಕಾಯಿಸಬೇಕಾದರೆ ಅದು ಜೋರಾಗಿಯೇ ಪ್ರತಿರೋಧಿಸುತ್ತಿರಬೇಕು ಎಂಬುದು ಅವರ ತರ್ಕ. ನಿಜದಲ್ಲಿ ಉರಿಯುತ್ತಿರುವ ಬಲ್ಬಿನದು ಸುಮಾರು 880 ಓಮ್. ಗೀಸರಿನದು ಅದರ ಸುಮಾರು ಮೂವತ್ತಮೂರನೆಯ ಒಂದು ಪಾಲು. ತಡೆ ಕಡಿಮೆ ಇರುವುದರಿಂದಲೇ ಅಲ್ಲಿ ಹೆಚ್ಚು ಕರೆಂಟ್ ಹರಿದು ಹೆಚ್ಚು ಕಾವು ಹುಟ್ಟುತ್ತದೆ.

ಆ ತಪ್ಪಿನಲ್ಲಿ 'ಪ್ರತಿ' ಎಂಬ ಉಪಸರ್ಗದ ಪಾಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪ್ರತಿಭಟನೆ, ಪ್ರತೀಕಾರ, ಪ್ರತ್ಯುತ್ತರ ಇವೆಲ್ಲ ಮೊದಲು ಒಬ್ಬರು ಏನನ್ನೋ ಮಾಡಿ, ಇನ್ನೊಬ್ಬರು ಅದಕ್ಕೆ ಎದುರು ನಿಂತಾಗ ಹುಟ್ಟುವ ಮಾತುಗಳು. ಪ್ರತಿರೋಧ ಎಂದೊಡನೆ ಕಾದಾಟದ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಗೀಸರಿನ ಸುರುಳಿ ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದಾಗಲೂ ಅದಕ್ಕೆ ಇಷ್ಟು ಓಮ್ ಎಂಬುದು ಇದ್ದೇ ಇರುತ್ತದೆ. ಕಾಯುವಾಗ ಅದು ಸ್ವಲ್ಪ ಬದಲಾಗಬಹುದು, ಆದರೂ ಅದು ವಸ್ತುವಿನ ಗುಣ, ಯಾರಿಗೋ ಕೊಟ್ಟ ಮರುತ್ತರವಲ್ಲ. ನಿಜವಾಗಿ 'ಪ್ರತಿ' ಸಲ್ಲುವುದು ಮೋಟರಿನ ಸುರುಳಿಯಲ್ಲಿ ಕರೆಂಟ್ ಏರಿಳಿದಾಗ ಅದಕ್ಕೆ ಎದುರಾಗಿ ಹುಟ್ಟುವ ವೋಲ್ಟೇಜಿಗೆ. ಆ ಪಾಠ ಮುಂದೆ ಬರಲಿದೆ. ಉಪಸರ್ಗವನ್ನು ಅದಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದಲ್ಲವೇ?

'ನಿರೋಧ'ವನ್ನು ಮುಟ್ಟಲಿಲ್ಲ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ 'ನಿರೋಧಕ' ಎನ್ನುವುದು ರೂಢಿಯಾಗಿದೆ.

ನನ್ನ ಮನಸ್ಸು ಒಲಿಯುವುದು 'ತಡೆ'ಯ ಕಡೆಗೆ. 'ತಡೆ ಹೆಚ್ಚಿದಷ್ಟೂ ಹರಿವು ಕಡಿಮೆ' ಎಂಬ ವಾಕ್ಯವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ರಸ್ತೆ ತಡೆ, ತಡೆಯಾಜ್ಞೆ ಎನ್ನುವಾಗ ಅದು ಪೂರ್ತಿ ನಿಲ್ಲಿಸುವುದನ್ನು ಸೂಚಿಸುತ್ತದೆ. ಇಲ್ಲಿ ಹರಿವು ಕುಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. 'ರೋಧ'ದಿಂದ ರೋಧಕ, ರೋಧಶೀಲತೆ ಹೊರಟಂತೆ 'ತಡೆ'ಯಿಂದ ಮುಂದಿನ ಪದಗಳು ಸಲೀಸಾಗಿ ಹೊರಡುವುದೂ ಇಲ್ಲ. ಹಾಗಾಗಿ ವಿವರಣೆಯಲ್ಲಿ 'ತಡೆ', ಪರಿಭಾಷೆಯಲ್ಲಿ 'ರೋಧ' ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಗುಣಿಸಿ ಬಂದ 2,000 ವ್ಯಾಟ್‌ನ ಗತಿ ಇನ್ನೂ ಕಷ್ಟ. ಪಠ್ಯದಲ್ಲಿ ಅದು 'ಸಾಮರ್ಥ್ಯ'. 'ಶಕ್ತಿ' ಎಂದರೆ ಬೇರೆ, ಸಾಮರ್ಥ್ಯವನ್ನು ಹೊತ್ತಿನಿಂದ ಗುಣಿಸಿದಾಗ ಸಿಗುವುದು. ಈ ಗೀಸರ್ ಅರ್ಧ ಗಂಟೆ ನಡೆದರೆ ಮೀಟರಿನಲ್ಲಿ ಒಂದು ಯೂನಿಟ್ ಏರುತ್ತದೆ. ಆ ಯೂನಿಟ್ ಶಕ್ತಿಯ ಅಳತೆ. ಇಷ್ಟನ್ನು ಹುಡುಗರು ಒಪ್ಪಿದರು. ಒಬ್ಬ ಮಾತ್ರ ಎದ್ದು, 'ಹಾಗಾದರೆ ನಮ್ಮ ತೋಟದ ಮೋಟರಿನ ಅಶ್ವಶಕ್ತಿ?' ಎಂದು ಕೇಳಿದ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಹೆಸರಿನಲ್ಲಿ ಶಕ್ತಿ, ಅಳೆಯುವುದು ಸಾಮರ್ಥ್ಯವನ್ನು! ಅವನ ಪ್ರಶ್ನೆ ನ್ಯಾಯವಾದದ್ದು. ಆ ಪದ ಜನರ ಬಾಯಲ್ಲಿ ಬೇರೂರಿಬಿಟ್ಟಿದೆ, ಅದನ್ನು ಈಗ ಕಿತ್ತು 'ಅಶ್ವಸಾಮರ್ಥ್ಯ' ಎಂದರೆ ಯಾರೂ ಒಪ್ಪಲಾರರು.

'ಸಾಮರ್ಥ್ಯ'ಕ್ಕೆ ತನ್ನದೇ ಆದ ತೊಂದರೆಯೂ ಇದೆ. ಲಿಂಗನಮಕ್ಕಿ ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ ಎನ್ನುತ್ತೇವೆ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್ ಎಂದೂ ಬರೆಯುತ್ತೇವೆ. ಮೊದಲನೆಯದು ಎಷ್ಟು ಹಿಡಿಸುತ್ತದೆ ಎಂಬುದು, ಎರಡನೆಯದು ಎಷ್ಟು ವೇಗವಾಗಿ ಕೊಡಬಲ್ಲದು ಎಂಬುದು. ಇನ್ವರ್ಟರ್ ಕೊಳ್ಳುವಾಗಲೂ ಇದೇ ಗೊಂದಲ: ಬ್ಯಾಟರಿಯ ಸಾಮರ್ಥ್ಯ ಆಂಪೇರ್-ಗಂಟೆಯಲ್ಲಿ, ಇನ್ವರ್ಟರಿನದು ವೋಲ್ಟ್-ಆಂಪೇರ್ (ವಿಎ) ಅಥವಾ ವ್ಯಾಟ್‌ನಲ್ಲಿ. 'ದಿನಕ್ಕೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ' ಎಂಬ ವರದಿಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೆಗಾವ್ಯಾಟ್ ಎಂಬುದರಲ್ಲೇ ವೇಗ ಸೇರಿದೆ, ಅದರ ಹಿಂದೆ 'ದಿನಕ್ಕೆ' ಎಂದು ಸೇರಿಸಿದರೆ ಅರ್ಥ ಕೆಡುತ್ತದೆ. ಈ ತಪ್ಪಿಗೆ ಬರೆದವರನ್ನು ಮಾತ್ರ ದೂರಲಾರೆ. ನಾವು ಅವರ ಕೈಗೆ ಕೊಟ್ಟಿರುವ ಪದವೇ ಎರಡೂ ಕಡೆ ಎಳೆಯುತ್ತದೆ.

'ಕರೆಂಟ್' ಬಗ್ಗೆಯೂ ಒಂದು ಮಾತು. 'ಕರೆಂಟ್ ಬಂತು' ಎನ್ನುವಾಗ ನಾವು ಹೇಳುವುದು ವೋಲ್ಟೇಜ್ ಬಂದದ್ದನ್ನು. ಸ್ವಿಚ್ ಹಾಕುವವರೆಗೆ ಪಠ್ಯದ ಅರ್ಥದ ಕರೆಂಟ್ ಹರಿಯುವುದೇ ಇಲ್ಲ. ಪಾಠದಲ್ಲಿ ಅದನ್ನು 'ವಿದ್ಯುತ್ ಪ್ರವಾಹ' ಎಂದು ಪೂರ್ತಿಯಾಗಿ ಬರೆದಿದ್ದೇನೆ. ಬರೀ 'ಪ್ರವಾಹ' ಎಂದರೆ ಊರು ಮುಳುಗಿದ ನೆನಪೇ ಮೊದಲು ಬರುತ್ತದೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ವ್ಯಾಟ್‌ನಲ್ಲಿ ಅಳೆಯುವುದಕ್ಕೆ 'ಸಾಮರ್ಥ್ಯ'ವನ್ನೇ ಉಳಿಸಿ, ಜಲಾಶಯಕ್ಕೂ ಬ್ಯಾಟರಿಗೂ 'ಹಿಡಿತ', 'ಸಂಗ್ರಹ' ಎಂಬಂಥ ಬೇರೆ ಮಾತನ್ನು ಬಳಸಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ನಿಮ್ಮ ಊರಿನ ಹಿರಿಯ ಲೈನ್‌ಮನ್‌ಗಳು, ಮೋಟರ್ ಕಟ್ಟುವವರು ತಂತಿಯ ತಡೆಯನ್ನು ಏನೆಂದು ಕರೆಯುತ್ತಾರೆ? ಅವರ ಬಾಯಲ್ಲಿ ಕನ್ನಡದ್ದೇ ಪದವೊಂದು ಇದ್ದರೆ ದಯವಿಟ್ಟು ಅದು ಬರುವ ವಾಕ್ಯದ ಸಮೇತ ಬರೆಯಿರಿ.